‘ಇವ್ನೂ ನಿನ್ನಂಗೇ ಆಗ್ತಾನಾ?’ ಅಂತ ಅತ್ತಿಗೆ ಕೇಳಿದಾಗ

ಫೋನಿನಲ್ಲಿ ನನ್ನ ಜೊತೆ ಮೊದಲ ಸಲ ಮಾತಾಡೋರು ಎರಡನೇ ನಿಮಿಷಕ್ಕೆ ಕೇಳುವ ಪ್ರಶ್ನೆ ಒಂದೇ, "ನೆಗಡಿಯಾ ಮೇಡಂ?" ಹೌದು ಅಂದುಬಿಡ್ತೀನಿ. ಬೆಂಗಳೂರಲ್ಲಿ ಯಾರಿಗೆ ನೆಗಡಿ ಇರಲ್ಲ ಹೇಳಿ? ನಿಜ ಹೇಳೋಕೆ ಹೊರಟರೆ ಅರ್ಧ ಗಂಟೆಯ ಮೀಟಿಂಗ್ ಒಂದು ಗಂಟೆಯಾಗುತ್ತೆ.

ನಿಜ ಏನಪ್ಪಾ ಅಂದ್ರೆ, ನಾನು ಹುಟ್ಟುವಾಗಲೇ ಎಡಗಡೆಯ ಮೇಲ್ತುಟಿ ಮೂಗಿನ ಹೊಳ್ಳೆವರೆಗೂ ಸೀಳಿತ್ತು. ಒಳಗೆ ಅಂಗುಳವೂ ಕೊನೆಯವರೆಗೆ ಸೀಳಿತ್ತು. ಬಾಯಿಗೂ ಮೂಗಿಗೂ ನಡುವೆ ಗೋಡೆ ಇಲ್ಲದಿದ್ದರೆ ಕುಡಿದ ಹಾಲು ಮೂಗಲ್ಲಿ ಬರುತ್ತೆ. ಮಾತು ಕಲಿಯೋ ವಯಸ್ಸಿಗೆ ಉಸಿರೂ ಅಲ್ಲಿಂದಲೇ ಸೋರಿಹೋಗುತ್ತೆ. ಪ, ಬ, ಕ, ಗ, ಸ, ಶ ಇವೆಲ್ಲ ಬಾಯೊಳಗೆ ಗಾಳಿ ಒತ್ತಿ ಹಿಡಿದರೆ ಮಾತ್ರ ಬರುವ ಅಕ್ಷರಗಳು. ಸೋರುವ ಬಾಯಲ್ಲಿ ‘ಬ’ ಹೋಗಿ ‘ಮ’ ಆಗುತ್ತೆ, ‘ದ’ ಹೋಗಿ ‘ನ’ ಆಗುತ್ತೆ.

ನಮ್ಮ ಮನೆ ಇರೋದು ಆಲೂರು ಮತ್ತು ಸಕಲೇಶಪುರದ ನಡುವಿನ ಗುಡ್ಡಗಳಲ್ಲಿ. ‘ಆಲೂರು’ ನನಗೆ ಸಲೀಸು. ಅದರಲ್ಲಿ ಒತ್ತಿ ಹೇಳುವ ಅಕ್ಷರವೇ ಇಲ್ಲ. ‘ಸಕಲೇಶಪುರ’ದಲ್ಲೋ, ಸ, ಕ, ಶ, ಪ ನಾಲ್ಕೂ ಸಾಲಾಗಿ ನಿಂತಿವೆ! ಹಾಸನದಲ್ಲಿ ಕಾಲೇಜು ಓದುವಾಗ ನಾನು ಆಲೂರಿಗೆ ಟಿಕೆಟ್ ತಗೊಂಡು, ಇಳಿದು, ಅಲ್ಲಿಂದ ನಮ್ಮೂರ ಕಡೆಯ ಬಸ್ಸು ಹತ್ತುತ್ತಿದ್ದೆ. ಆ ಬಸ್ಸಿನ ಕಂಡಕ್ಟರ್‌ಗೆ ನಾನು ಯಾರ ಮಗಳು ಅಂತ ಗೊತ್ತಿತ್ತು, ಬಾಯಿ ಬಿಡೋ ಅಗತ್ಯವೇ ಇರಲಿಲ್ಲ. ಒಂದು ಪದ ತಪ್ಪಿಸೋಕೆ ಎರಡು ಬಸ್ಸು.

ಕಳೆದ ವರ್ಷ ಅತ್ತಿಗೆಗೆ ಐದನೇ ತಿಂಗಳ ಸ್ಕ್ಯಾನ್ ಮಾಡಿಸಿದಾಗ ಮಗುವಿನ ತುಟಿ ಸೀಳಿರೋದು ಕಂಡಿತು. ಅಂಗುಳದ ವಿಷಯ ಹುಟ್ಟಿದ ಮೇಲೆ ಗೊತ್ತಾಗುತ್ತೆ ಅಂದರು. ಹುಟ್ಟಿದ ದಿನವೇ ಗೊತ್ತಾಯ್ತು. ಬಾಣಂತನಕ್ಕೆ ತವರಲ್ಲಿದ್ದ ಅತ್ತಿಗೆಯನ್ನು ನೋಡೋಕೆ ಮೂರನೇ ವಾರ ಹೋಗಿದ್ದೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಒಳಲೆಯಲ್ಲಿ ಹಾಲು ಕುಡಿಸ್ತಿದ್ದಳು. ಅದು ನಮ್ಮಜ್ಜಿ ನನಗೆ ಕುಡಿಸಿದ ಒಳಲೆ, ಅಮ್ಮ ತೊಳೆದು ಕಳಿಸಿದ್ದರು. ಕುಡಿಸ್ತಾ ಕುಡಿಸ್ತಾ ನನ್ನ ಮುಖ ನೋಡದೇ ಕೇಳಿದಳು, "ಇವ್ನೂ ನಿನ್ನಂಗೇ ಆಗ್ತಾನಾ?"

ಬೇಜಾರಾಗಲಿಲ್ಲ ಅಂದ್ರೆ ಸುಳ್ಳು. ಆದರೆ ಆ ಪ್ರಶ್ನೆ ಕೇಳೋಕೆ ನನಗಿಂತ ಸರಿಯಾದ ಜನ ಇನ್ಯಾರಿದ್ದರು? ಪಾಪ, ಅವಳ ಸುತ್ತ ಆಗಲೇ ಬೇರೆ ಥರದ ಮಾತುಗಳು ಓಡಾಡ್ತಿದ್ದವು. ಅವಳ ಏಳನೇ ತಿಂಗಳಲ್ಲಿ, ಆಷಾಢದ ಮಳೆಯಲ್ಲಿ, ನಮ್ಮ ತೋಟದ ನಾಯಿ ಐದು ಮರಿ ಹಾಕಿತ್ತು. ಅದರಲ್ಲೊಂದಕ್ಕೆ ಹಾಲೆಲ್ಲ ಮೂಗಲ್ಲಿ ಬರ್ತಿತ್ತು. ಬಾಯಿ ಬಿಡಿಸಿ ನೋಡಿದರೆ ಅಂಗುಳ ಸೀಳಿತ್ತು. ಟ್ಯೂಬಿನಲ್ಲಿ ಹಾಲು ಕೊಟ್ಟು ಮೂರು ನಾಲ್ಕು ತಿಂಗಳು ಉಳಿಸಿಕೊಂಡರೆ ಆಪರೇಷನ್ ಮಾಡಬಹುದು ಅಂತ ಪಶುವೈದ್ಯರು ಹೇಳಿದ್ದರು. ಒಂಬತ್ತನೇ ದಿನಕ್ಕೆ ಹಾಲು ಶ್ವಾಸಕೋಶಕ್ಕೆ ಹೋಗಿ ಮರಿ ಸತ್ತಿತು. ಅತ್ತಿಗೆ ಆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಇಂಕ್ ಫಿಲ್ಲರ್‌ನಲ್ಲಿ ಹಾಲು ಬಿಟ್ಟಿದ್ದಳು. "ಬಸುರಿ ಅದನ್ನ ನೋಡಬಾರದಿತ್ತು" ಅಂತ ಆಮೇಲೆ ಊರು ಮಾತಾಡಿತು. ನನ್ನ ಕಾಲಕ್ಕೆ ಗ್ರಹಣ ಕಾರಣವಾಗಿತ್ತು, ಇವನ ಕಾಲಕ್ಕೆ ನಾಯಿಮರಿ.

ಮೇಲ್ತುಟಿಯ ಭಾಗಗಳು ಬಸಿರಿನ ಆರೇಳನೇ ವಾರಕ್ಕೇ ಕೂಡಿಕೊಳ್ಳುತ್ತವೆ, ಅಂಗುಳ ಹನ್ನೆರಡನೇ ವಾರದ ಹೊತ್ತಿಗೆ. ಅಷ್ಟರೊಳಗೆ ಕೂಡದಿದ್ದರೆ ಆಯಿತು, ಸೀಳಾಗಿಯೇ ಉಳಿಯುತ್ತೆ. ಏಳನೇ ತಿಂಗಳಲ್ಲಿ ಏನು ನೋಡಿದರೂ, ಯಾವ ಗ್ರಹಣದಲ್ಲಿ ಹೊರಗೆ ಬಂದರೂ, ಕೂಡಿದ ಅಂಗುಳ ಸೀಳಲ್ಲ. ಅದೂ ಅಲ್ಲದೆ ಸ್ಕ್ಯಾನ್ ಮರಿ ಹುಟ್ಟುವ ಮೊದಲೇ ತೋರಿಸಿತ್ತಲ್ಲ! ಇದನ್ನು ಹೇಳಿದರೆ ನಮ್ಮ ದೊಡ್ಡಮ್ಮ "ಇರಬಹುದು ಬಿಡವ್ವ" ಅಂತಾರೆ, ನಂಬಲ್ಲ. ಸುಮಾರು ಏಳುನೂರು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತೆ. ನನ್ನನ್ನು ನೋಡೋಕೆ ಬಂದ ಗಂಡಿನ ಕಡೆಯವರು "ಮಕ್ಕಳಿಗೂ ಬರುತ್ತಾ?" ಅಂತ ಕೇಳಿದ್ದುಂಟು. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಮೂರರಿಂದ ಐದು ಅಂತ ಡಾಕ್ಟರ್ ಹೇಳಿದ್ದನ್ನೇ ಹೇಳಿದೆ. ಅವರು ತಿಂಡಿ ತಿಂದು ಹೋದರು.

ಅತ್ತಿಗೆಯ ಪ್ರಶ್ನೆಗೆ ಬರೋಣ. ‘ನಿನ್ನಂಗೆ’ ಅಂದರೆ ಯಾವುದು? ನನ್ನ ತುಟಿಯ ಮೇಲೊಂದು ಸಣ್ಣ ಗೆರೆ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ದನಿ ಇದೆ. ಆಮೇಲೆ ಮುಖದ ಮಧ್ಯಭಾಗ. ಪಕ್ಕದಿಂದ ನೋಡಿದರೆ ನನ್ನ ಮೇಲ್ದವಡೆ ಒಳಗೆ ಕೂತಿದೆ, ಕೆಳಗಿನ ಹಲ್ಲುಗಳು ಮೇಲಿನವಕ್ಕಿಂತ ಮುಂದಿವೆ. ಗುಂಪಿನ ಫೋಟೋದಲ್ಲಿ ನಾನು ಯಾವಾಗಲೂ ಎದುರಿಗೇ ತಿರುಗಿ ನಿಲ್ಲೋದು ಅದಕ್ಕೆ. ಹುಟ್ಟಿದ ಸೀಳಿನಿಂದಲೇ ದವಡೆ ಹೀಗಾಗಿದೆ ಅಂತ ಇಪ್ಪತ್ಮೂರು ವರ್ಷ ಅಂದುಕೊಂಡಿದ್ದೆ, ಮನೆಯವರೆಲ್ಲ ಹಾಗೇ ಅಂದುಕೊಂಡಿದ್ದರು. ಹಲ್ಲಿಗೆ ಕ್ಲಿಪ್ ಹಾಕಿಸೋಕೆ ಹೋದಾಗ ಡಾಕ್ಟರ್ ಎಕ್ಸ್‌ರೇ ಹಿಡಿದು ಬೇರೆಯದೇ ಹೇಳಿದರು. "ಸೀಳಿನಿಂದ ಅಷ್ಟಾಗಿ ಅಲ್ಲಮ್ಮ. ಸೀಳು ಮುಚ್ಚಿದ ಆಪರೇಷನ್ನಿನ ಕಲೆ ದವಡೆಯನ್ನ ಬೆಳೆಯೋಕೆ ಬಿಟ್ಟಿಲ್ಲ."

ದವಡೆಯನ್ನು ಕತ್ತರಿಸಿ ಮುಂದಕ್ಕೆ ತಂದು ಕೂರಿಸುವ ಆಪರೇಷನ್ ಇದೆ. ಅದರ ಜೊತೆಗೊಂದು ಅಪಾಯವೂ ಇದೆ. ದವಡೆ ಮುಂದೆ ಬಂದರೆ ಅದರ ಹಿಂದೆ ನೇತಾಡುವ ಮೃದು ಅಂಗುಳವೂ ಮುಂದೆ ಬರುತ್ತೆ, ಗಂಟಲ ಗೋಡೆ ಅದಕ್ಕೆ ಎಟುಕದೇ ಹೋಗಬಹುದು, ಮಾತು ಮತ್ತೆ ಮೂಗಿಗೆ ಜಾರಬಹುದು. ನನ್ನ ‘ಪ’ ಪುಕ್ಕಟೆ ಬಂದದ್ದಲ್ಲ ನೋಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಅಪ್ಪ ನನ್ನನ್ನು ವರ್ಷಗಟ್ಟಲೆ ಕರೆದುಕೊಂಡು ಹೋಗಿದ್ದರು. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು "ಪ ಪ ಪ" ಅನ್ನಬೇಕು, ಕನ್ನಡಿ ಮಸುಕಾದರೆ ಗಾಳಿ ಸೋರಿದೆ ಅಂತ ಲೆಕ್ಕ. ಹಾಗೆ ಸಂಪಾದಿಸಿದ ಅಕ್ಷರಗಳನ್ನು ಫೋಟೋಗೋಸ್ಕರ ಪಣಕ್ಕಿಡೋಕೆ ನನಗೆ ಮನಸ್ಸು ಬರಲಿಲ್ಲ. ಆಪರೇಷನ್ ಬೇಡ ಅಂದೆ.

ಮಗುವಿಗೆ ನಾಳೆ ಇದೇ ಕಥೆಯಾ? ತವರಿಂದ ವಾಪಸ್ ಬಂದ ರಾತ್ರಿ ಅಮ್ಮನ ಟ್ರಂಕಿನಿಂದ ನನ್ನ ಹಳೇ ಡಿಸ್ಚಾರ್ಜ್ ಚೀಟಿ ತೆಗೆದೆ. ಎರಡೂವರೆ ವರ್ಷದವಳಿದ್ದಾಗ ಮಾಡಿಸಿದ ಅಂಗುಳದ ಆಪರೇಷನ್. ‘ವಿ-ವೈ ಪುಷ್‌ಬ್ಯಾಕ್’ ಅಂತ ಬರೆದಿತ್ತು. ಆವತ್ತಿನಿಂದ ಎರಡು ತಿಂಗಳು, ಆಫೀಸಿನ ಕೆಲಸ ಮುಗಿಸಿ ರಾತ್ರಿ ಇದನ್ನೇ ಓದಿದೆ.

ಅಂಗುಳ ಮುಚ್ಚುವ ವಿಧಾನ ಒಂದಲ್ಲ. 1861ರಲ್ಲಿ ಬರ್ಲಿನ್ನಿನ ಲಾಂಗೆನ್‌ಬೆಕ್ ಮಾಡಿದ್ದು ಸರಳ ಉಪಾಯ. ಹಲ್ಲಿನ ಸಾಲಿನ ಒಳಪಕ್ಕದಲ್ಲಿ ಎರಡೂ ಕಡೆ ಉದ್ದಕ್ಕೆ ಗೀರಿ, ಅಂಗುಳದ ದಪ್ಪ ಪೊರೆಯನ್ನು ಎಲುಬಿನಿಂದ ಬಿಡಿಸಿ, ನಡುವಿಗೆ ಜರುಗಿಸಿ ಹೊಲಿಯೋದು. ಪ್ಯಾರಿಸ್ಸಿನ ವಿಕ್ಟರ್ ವೋ, ಆಮೇಲೆ 1930ರ ದಶಕದಲ್ಲಿ ಇಂಗ್ಲೆಂಡಿನ ವಾರ್ಡಿಲ್ ಮತ್ತು ಕಿಲ್ನರ್ ಒಂದು ಹೆಜ್ಜೆ ಮುಂದೆ ಹೋದರು. ಮಾತಿಗೆ ಉದ್ದದ ಅಂಗುಳ ಬೇಕು, ಹಾಗಾಗಿ ಪೊರೆಯನ್ನು ಮುಂದಿನಿಂದ ಪೂರ್ತಿ ಬಿಡಿಸಿ ಹಿಂದಕ್ಕೆ ತಳ್ಳಿ ಹೊಲಿಯೋಣ ಅಂದರು. ಪುಷ್‌ಬ್ಯಾಕ್ ಅಂದರೆ ಅದೇ. ಮುಂದಿನಿಂದ ಪೊರೆ ಹಿಂದಕ್ಕೆ ಹೋಯಿತಲ್ಲ, ಆ ಜಾಗದಲ್ಲಿ ಎಲುಬು ಬರಿದಾಗಿ ಉಳಿಯುತ್ತೆ. ಕೆಲವು ವಾರದಲ್ಲಿ ಅದರ ಮೇಲೆ ತಾನಾಗಿ ಪದರ ಬೆಳೆದು ಮುಚ್ಚಿಕೊಳ್ಳುತ್ತೆ, ಏನೂ ತೊಂದರೆಯಿಲ್ಲ ಅಂತಲೇ ತುಂಬಾ ಕಾಲ ನಂಬಿದ್ದರು.

ತೊಂದರೆ ಎಲ್ಲಿದೆ ಅಂತ ಹೇಳಿಕೊಟ್ಟಿದ್ದು ನಾಯಿಗಳು. ಅಮೆರಿಕದ ಅಯೋವಾದಲ್ಲಿ ಕ್ರೆಮೆನಾಕ್ ಮತ್ತು ಸಂಗಡಿಗರು ಬೀಗಲ್ ಮರಿಗಳ ಮೇಲೆ ಮಾಡಿದ ಪ್ರಯೋಗ 1970ರಲ್ಲಿ ಪ್ರಕಟವಾಯಿತು. ಅವು ಸೀಳಿಲ್ಲದ, ಆರೋಗ್ಯವಾದ ಮರಿಗಳು. ಅಂಗುಳದ ಪೊರೆ ತೆಗೆದು ಎಲುಬನ್ನು ಬರಿದಾಗಿ ಬಿಟ್ಟರು, ಅಷ್ಟೇ. ಮೇಲ್ದವಡೆಯ ಬೆಳವಣಿಗೆ ಕುಂಠಿತವಾಯಿತು. ಸೀಳೇ ಇಲ್ಲದ ಬಾಯಲ್ಲೂ ದವಡೆ ಬೆಳೆಯಲಿಲ್ಲ ಅಂದಮೇಲೆ ಸೀಳನ್ನು ದೂರೋದು ಹೇಗೆ?

ಬೀಗಲ್ ಯಾಕೆ ಅಂದರೆ, ಗಾತ್ರ ಮಧ್ಯಮ, ಮರಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರೋದು ಆರೇಳು ತಿಂಗಳಲ್ಲೇ ಮುಗಿಯುತ್ತೆ. ನಮ್ಮ ಮಕ್ಕಳಲ್ಲಿ ಹದಿನೈದು ವರ್ಷ ಕಾಯಬೇಕಾದ್ದನ್ನು ಅಲ್ಲಿ ಒಂದು ವರ್ಷದೊಳಗೆ ನೋಡಬಹುದು. ಇನ್ನೊಂದು ಕಾರಣ ಯಾರೂ ಜೋರಾಗಿ ಹೇಳಲ್ಲ. ಬೀಗಲ್ ಬಹಳ ಸಾಧು ಪ್ರಾಣಿ, ನೋವು ಮಾಡಿದ ಕೈಯನ್ನೂ ನೆಕ್ಕುತ್ತೆ.

ಆಮೇಲೆ ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ ಒಂದು ತಂಡ 1980–90ರ ದಶಕಗಳಲ್ಲಿ ಇದನ್ನೇ ಬೆನ್ನು ಹತ್ತಿತು. ಬೀಗಲ್ ಮರಿಗಳ ಅಂಗುಳದಲ್ಲಿ ಸೀಳಿನಂಥ ಗಾಯ ಮಾಡಿ, ಲಾಂಗೆನ್‌ಬೆಕ್ ವಿಧಾನದಲ್ಲಿ ಮುಚ್ಚಿ, ಬೇರೆ ಬೇರೆ ವಯಸ್ಸಿನಲ್ಲಿ ಏನಾಗುತ್ತೆ ಅಂತ ನೋಡಿದರು. ಬರಿದಾದ ಎಲುಬಿನ ಮೇಲೆ ಬೆಳೆದ ಕಲೆ ಸುಮ್ಮನೆ ಮೇಲೆ ಹರಡಿಕೊಂಡಿರಲಿಲ್ಲ. ಅದರ ನಾರುಗಳು ಎಲುಬಿನೊಳಗೇ ಬೇರಿಳಿಸಿದ್ದವು. ಕಲೆ ಅಂದರೆ ಕುಗ್ಗುವ ವಸ್ತು. ಅದು ಕುಗ್ಗುತ್ತಾ ಬೆಳೆಯುವ ಹಲ್ಲಿನ ಸಾಲನ್ನು ಒಳಕ್ಕೆ ಎಳೆಯುತ್ತೆ. ಪೊರೆಯನ್ನು ಪೂರ್ತಿ ಕೀಳದೆ, ಎಲುಬಿಗಂಟಿದ ತೆಳು ಪದರವನ್ನು ಅಲ್ಲೇ ಬಿಟ್ಟು ಮೇಲಿನದನ್ನು ಮಾತ್ರ ಜರುಗಿಸಿದರೆ? ಅದನ್ನೂ ನಾಯಿಗಳಲ್ಲಿ ಹೋಲಿಸಿ ನೋಡಿದರು. ಎಲುಬು ಬರಿದಾಗದ ನಾಯಿಗಳಲ್ಲಿ ಹಲ್ಲಿನ ಸಾಲು ಚೆನ್ನಾಗಿ ಬೆಳೆಯಿತು.

ಇದನ್ನು ಅಣ್ಣನಿಗೆ ವಿವರಿಸೋಕೆ ನಾನು ಪೇಪರ್ ಮೇಲೆ ಚಿತ್ರ ಬರೀತಾ ಒದ್ದಾಡುತ್ತಿದ್ದೆ. ಅವನು ನಾಲ್ಕೆಕರೆ ಕಾಫಿ, ಮೆಣಸು ನೋಡಿಕೊಳ್ಳುವವನು. ಐದು ನಿಮಿಷ ಕೇಳಿ, "ಒಳತೊಗಟೆ ಬಿಟ್ಟು ಹೊರತೊಗಟೆ ಸುಲಿದಂಗೆ ತಾನೇ?" ಅಂದ. "ಸಿಲ್ವರ್ ಓಕಿಗೆ ಕತ್ತಿ ತಾಗಿ ಮರದ ತಿರುಳೇ ಕಂಡ್ರೆ ಆ ಜಾಗ ಗಂಟಾಗಿ ಸೊಟ್ಟ ಬೆಳೆಯತ್ತೆ. ಒಳಪದರ ಉಳಿದ್ರೆ ಏನಾಗಲ್ಲ." ನಾನು ಎರಡು ತಿಂಗಳು ಓದಿದ್ದು ಅಷ್ಟೇ!

ಅಲ್ಲೇ ಕೂತು ಕೇಳ್ತಿದ್ದ ಅತ್ತಿಗೆ ಮಾತ್ರ ಬೇರೆ ಕೇಳಿದಳು. "ಆ ಮರಿಗಳು ಆಮೇಲೆ ಏನಾದ್ವು?"

ಎಲುಬಿನೊಳಗೆ ನಾರು ಇಳಿದಿದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ದವಡೆಯನ್ನು ಪದರ ಪದರವಾಗಿ ಕತ್ತರಿಸಬೇಕು. ಅದನ್ನು ಹೇಳಿದೆ. ಅವಳು ಏನೂ ಮಾತಾಡದೆ ಎದ್ದುಹೋಗಿ, ಜಗುಲಿಯಲ್ಲಿ ಮಲಗಿದ್ದ ನಮ್ಮ ನಾಯಿಯ ತಟ್ಟೆಗೆ ಅನ್ನ ಹಾಕಿದಳು. ಊಟದ ಹೊತ್ತೇನೂ ಆಗಿರಲಿಲ್ಲ.

ನನಗೂ ಇದಕ್ಕೊಂದು ಉತ್ತರ ಸಿಕ್ಕಿಲ್ಲ. ನಮ್ಮ ಆಫೀಸಿನ ಸಹೋದ್ಯೋಗಿಯ ಮನೆಯಲ್ಲೊಂದು ಲ್ಯಾಬ್ ಬೀಗಲ್ ಇದೆ, ಕಿವಿಯೊಳಗೆ ಹಚ್ಚೆಯ ನಂಬರ್. 2016ರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಬಿಡುಗಡೆಯಾದ ಬೀಗಲ್‌ಗಳಿಗೆ ಕ್ಯೂಪಾ ಸಂಸ್ಥೆಯವರು ಮನೆ ಹುಡುಕಿದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಓದಿದ ಮೇಲೆ ಇವಳಿಗೂ ಅಂಥದ್ದೇ ನಾಯಿ ಬೇಕೆನಿಸಿ, ಕಾದು ತಂದುಕೊಂಡಳು. ಮೊದಲ ದಿನ ಹುಲ್ಲಿನ ಮೇಲೆ ಕಾಲಿಡೋಕೇ ಅದು ಹೆದರಿತಂತೆ. ಆ ನಾಯಿಗೂ ಅಂಗುಳಕ್ಕೂ ಸಂಬಂಧವಿಲ್ಲ. ಆದರೂ ಅವರ ಮನೆಗೆ ಹೋದಾಗ ಅದು ಬಂದು ನನ್ನ ಕಾಲ ಮೇಲೆ ಗದ್ದ ಇಟ್ಟು ಮಲಗಿದರೆ ನಾನು ಸ್ವಲ್ಪ ಹೊತ್ತು ಏಳಲ್ಲ.

ನಾಯಿಯ ಬಾಯಲ್ಲಿ ಕಂಡದ್ದು ಮನುಷ್ಯರಿಗೂ ಒಪ್ಪುತ್ತಾ ಅನ್ನೋ ಅನುಮಾನ ನನಗೂ ಬಂತು. ಅವುಗಳ ಮೂತಿ ಉದ್ದ, ಸೀಳು ಮನುಷ್ಯರು ಮಾಡಿದ್ದು. ಅದಕ್ಕೆ ಉತ್ತರ ಪಕ್ಕದ ಶ್ರೀಲಂಕಾದಿಂದ ಬಂದಿತ್ತು. ಲಂಡನ್ನಿನ ದಂತವೈದ್ಯ ಮೈಕೆಲ್ ಮಾರ್ಸ್ 1980ರ ದಶಕದಲ್ಲಿ ಅಲ್ಲಿ ಆಪರೇಷನ್ನೇ ಆಗದೆ ದೊಡ್ಡವರಾದವರ ದವಡೆ ಅಳೆದರು. ಬಡತನ, ದೂರ, ಏನೇನೋ ಕಾರಣಕ್ಕೆ ಸೀಳು ಹಾಗೇ ಉಳಿದ ಜನ. ಅವರ ಮೇಲ್ದವಡೆ ಬಹುಮಟ್ಟಿಗೆ ಚೆನ್ನಾಗಿಯೇ ಮುಂದಕ್ಕೆ ಬೆಳೆದಿತ್ತು! ನಾಯಿಗಳು ಹೇಳಿದ್ದಕ್ಕೆ ಇದು ಹೊಂದುತ್ತೆ. ಆದರೆ ಅವರ ಮಾತು? ದವಡೆ ಚೆನ್ನಾಗಿರಲಿ ಅಂತ ಆಪರೇಷನ್ ಮುಂದೂಡಿದರೆ ಹೋಗೋದು ಅದೇ. ಮಗು ಮಾತು ಕಲಿಯುವ ವಯಸ್ಸಿಗೆ ಅಂಗುಳ ಮುಚ್ಚಿರಬೇಕು.

ಇಲ್ಲಿ ನಾಯಿ ನಮಗೆ ಸಹಾಯ ಮಾಡಲ್ಲ. ಬೀಗಲ್‌ಗೆ ‘ಪ’ ಹೇಳಿ ಅನ್ನೋಕಾಗಲ್ಲವಲ್ಲ. ಮಾತಿನ ಲೆಕ್ಕ ಮಕ್ಕಳಿಂದಲೇ ಬರಬೇಕು, ಬರೋಕೆ ತುಂಬಾ ಕಾಲ ಹಿಡಿಯಿತು. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ 558 ಮಕ್ಕಳಿದ್ದರು, ಎಲ್ಲರಿಗೂ ಒಂದೇ ವಿಧಾನದ ಆಪರೇಷನ್. ಅರ್ಧದಷ್ಟು ಮಕ್ಕಳಿಗೆ ಆರನೇ ತಿಂಗಳಲ್ಲಿ, ಉಳಿದವರಿಗೆ ಹನ್ನೆರಡನೇ ತಿಂಗಳಲ್ಲಿ. ಐದು ವರ್ಷವಾದಾಗ ನೋಡಿದರೆ, ಅಂಗುಳ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ ಬೇಗ ಮಾಡಿಸಿದವರಲ್ಲಿ ಶೇ. 8.9, ತಡವಾಗಿ ಮಾಡಿಸಿದವರಲ್ಲಿ ಶೇ. 15. ಅವರೆಲ್ಲ ತುಟಿ ಸೀಳಿಲ್ಲದ, ಅಂಗುಳ ಮಾತ್ರ ಸೀಳಿದ ಮಕ್ಕಳು, ನಮ್ಮ ಹುಡುಗನ ಥರದವರಲ್ಲ. ಹಾಗಾಗಿ ಈ ಅಂಕಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ವಾದ ಮಾಡೋಕೆ ನಾನು ಹೋಗಲಿಲ್ಲ.

ಕೇಳಿದ್ದು ಒಂದೇ ಪ್ರಶ್ನೆ. "ಎಲುಬು ಎಷ್ಟು ಬರಿದಾಗಿ ಉಳಿಯುತ್ತೆ ಸರ್?" ಸರ್ಜನ್ ತಲೆಯೆತ್ತಿ ನನ್ನ ಮುಖ ನೋಡಿದರು, ಪಕ್ಕದಿಂದ. ಅವರಿಗೆ ಅರ್ಥವಾಯ್ತು ಅನ್ಸುತ್ತೆ. ಪುಷ್‌ಬ್ಯಾಕ್ ಮಾಡಲ್ಲ ಅಂದರು. ಅಂಗುಳವನ್ನು ಹಿಂದಕ್ಕೆ ತಳ್ಳೋ ಬದಲು, ಸೀಳಿನ ಅಂಚಿಗೆ ತಪ್ಪಾಗಿ ಅಂಟಿಕೊಂಡಿರುವ ಸ್ನಾಯುವನ್ನು ಬಿಡಿಸಿ, ಅಡ್ಡಲಾಗಿ ತಿರುಗಿಸಿ ಕೂಡಿಸ್ತೀವಿ, ಮಾತಿಗೆ ಬೇಕಾದ್ದು ಆ ಸ್ನಾಯು. ಪಕ್ಕದ ಗೀರು ಅನಿವಾರ್ಯವಾದರೆ ಮಾತ್ರ, ಅದನ್ನೂ ಆದಷ್ಟು ಮುಚ್ಚಿಬಿಡ್ತೀವಿ ಅಂತ ಬಾಯಿಯ ಪ್ಲಾಸ್ಟಿಕ್ ಮಾದರಿ ಹಿಡಿದು ತೋರಿಸಿದರು. "ಇವರ ಥರ ಆಗಲ್ಲ ಅಂತ ಬರೆದು ಕೊಡೋಕಾಗಲ್ಲ" ಅಂತಲೂ ಅತ್ತಿಗೆಗೆ ಹೇಳಿದರು. ಆ ಮಾತು ನನಗೆ ಹಿಡಿಸಿತು.

ತುಟಿಯ ಆಪರೇಷನ್ ನಾಲ್ಕನೇ ತಿಂಗಳಲ್ಲೇ ಆಗಿತ್ತು. ಡಾಕ್ಟರುಗಳಲ್ಲಿ ಹಳೆಯದೊಂದು ಹತ್ತರ ಲೆಕ್ಕ ಇದೆಯಂತೆ, ಹತ್ತು ವಾರ, ಹತ್ತು ಪೌಂಡ್ ಅಂದರೆ ನಾಲ್ಕೂವರೆ ಕೆ.ಜಿ., ಹತ್ತು ಗ್ರಾಂ ಹಿಮೋಗ್ಲೋಬಿನ್. ನಮ್ಮವನಿಗೆ ತೂಕ ಬರೋದು ತಡವಾಯ್ತು. ದುಡ್ಡಿನ ಬಗ್ಗೆ ಅಣ್ಣ ಮೊದಲ ದಿನದಿಂದ ತಲೆ ಕೆಡಿಸಿಕೊಂಡಿದ್ದ, ಖರ್ಚು ಬಂದದ್ದು ಬಸ್ಸು, ಊಟಕ್ಕೆ ಮಾತ್ರ. ನಿಮ್ಮ ಪೈಕಿ ಯಾರಿಗಾದರೂ ಬೇಕಾದರೆ ಹೇಳ್ತೀನಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಇವೆ. ಅಂಗನವಾಡಿ ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸ್ತಾರೆ. ಸ್ಮೈಲ್ ಟ್ರೈನ್ ಜೊತೆಗಿರುವ ಆಸ್ಪತ್ರೆಗಳಲ್ಲೂ ಆಪರೇಷನ್ ಉಚಿತ.

ಅಂಗುಳದ ಆಪರೇಷನ್ ಹತ್ತನೇ ತಿಂಗಳಿಗೆ, ಅಂದರೆ ಇದೇ ಜುಲೈನಲ್ಲಿ ಆಯಿತು. ಹೊರಡುವ ಹಿಂದಿನ ದಿನ ಊರ ಗ್ರೂಪ್‌ನಲ್ಲಿ ಆನೆಗಳು ರಸ್ತೆ ಪಕ್ಕದ ತೋಟದಲ್ಲಿವೆ ಅಂತ ಮೆಸೇಜ್ ಬಂತು. ಬೆಳಗಿನ ಜಾವ ಬಿಡಬೇಕಾದ ಜೀಪು ಬೆಳಕು ಹರಿದ ಮೇಲೆ ಬಿಟ್ಟಿತು, ಮಳೆ ಬೇರೆ. ಎರಡು ಗಂಟೆ ತಡವಾಗಿ ಮುಟ್ಟಿದರೂ ಆಸ್ಪತ್ರೆಯವರು ಬೈಯಲಿಲ್ಲ.

ಈಗ ಮೂರು ವಾರ. ಬೆರಳು ಬಾಯಿಗೆ ಹಾಕಬಾರದು ಅಂತ ಎರಡೂ ಮೊಣಕೈಗೆ ಪಟ್ಟಿ ಕಟ್ಟಿದ್ದಾರೆ, ಪುಟ್ಟ ರೋಬೋ ಥರ ಓಡಾಡುತ್ತೆ. ಗಂಜಿ ನೀರು, ರಾಗಿಸರಿ ಎಲ್ಲ ಒಳಲೆಯಲ್ಲೇ. ಮೊನ್ನೆ ಮೊದಲ ಸಲ ಹಾಲು ಮೂಗಲ್ಲಿ ಬರಲಿಲ್ಲ ಅಂತ ಅತ್ತಿಗೆ ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಳಿಸಿದ್ದಳು. ವಿಡಿಯೋದಲ್ಲಿ ಏನೂ ಇಲ್ಲ, ಮಗು ಹಾಲು ಕುಡಿಯುತ್ತೆ ಅಷ್ಟೇ, ನಾನು ನಾಲ್ಕು ಸಲ ನೋಡಿದೆ.

‘ಅಮ್ಮ’ ಅನ್ನೋದನ್ನ ಅವನು ಆಪರೇಷನ್ನಿಗೆ ಮೊದಲೇ ಕಲಿತಿದ್ದ. ಮ ಮೂಗಿನ ಅಕ್ಷರ, ಅದಕ್ಕೆ ಅಂಗುಳದ ಹಂಗಿಲ್ಲ. ‘ಅಪ್ಪ’ ಅನ್ನೋಕೆ ಹೋದರೆ ಅದೂ ‘ಅಮ್ಮ’ ಅಂತಲೇ ಬರ್ತಿತ್ತು, ಅಣ್ಣ ನಕ್ಕು ಸುಮ್ಮನಾಗುತ್ತಿದ್ದ. ಹೊಲಿಗೆ ಕೂಡಿ, ಊತ ಇಳಿದು, ಸ್ನಾಯು ಅಭ್ಯಾಸವಾಗೋಕೆ ತಿಂಗಳುಗಳೇ ಬೇಕು, ಅವಸರ ಮಾಡಬೇಡಿ ಅಂದಿದ್ದಾರೆ. ಮುಂದಿನ ತಿಂಗಳು ಮೈಸೂರಿಗೆ ತೋರಿಸೋಕೆ ಹೋಗಬೇಕು, ನಾನೂ ಎರಡು ದಿನ ರಜೆ ಹಾಕಿದ್ದೀನಿ. ಅಣ್ಣ ಮಾತ್ರ ದಿನಾ ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ಮಗುವಿನ ಎದುರು ಕೂತು ಶುರುಮಾಡ್ತಾನಂತೆ. "ಎಲ್ಲಿ, ಹೇಳು ನೋಡಣ, ಅಪ್... ಪ."